ಹಳೆಯ ಅಮೆರಿಕನ್ ಕಾರಿನಲ್ಲಿ ಕಾರವಾರದಿಂದ ಘಟ್ಟ ಹತ್ತಿ ಇಳಿಯುವ ಬಗೆ

ಕಾರವಾರ, ಕುಮಟಾ, ಶಿರಸಿ, ಸಿದ್ದಾಪುರ, ಗೇರುಸೊಪ್ಪ, ಹೊನ್ನಾವರ, ಮತ್ತೆ ಕಾರವಾರ. ಸುಮಾರು 330 ಕಿಲೋಮೀಟರಿನ ಈ ಸುತ್ತನ್ನು ಈಗಿನ ಕಾರು ಒಂದು ಹಗಲಿನಲ್ಲಿ ಮುಗಿಸುತ್ತದೆ. 1940–50ರ ದಶಕದ ಶೆವರ್ಲೆ, ಡಾಡ್ಜ್, ಪ್ಲಿಮತ್, ಫೋರ್ಡ್ ವಿ8, ಸ್ಟೂಡಿಬೇಕರ್‌ಗಳಿಗೆ ಮೂರು ದಿನ ಬೇಕು. ಸಮತಟ್ಟಿನಲ್ಲಿ ಈ ಗಾಡಿಗಳು ದಿನವಿಡೀ ಗಂಟೆಗೆ 65–70 ಕಿಲೋಮೀಟರಿನಲ್ಲಿ ಬೇಸರವಿಲ್ಲದೆ ಓಡುತ್ತವೆ. ಅವುಗಳನ್ನು ಸೋಲಿಸುವುದು ಎರಡೇ: ಹತ್ತುವಾಗ ಎಂಜಿನ್ನಿನ ಬಿಸಿ, ಇಳಿಯುವಾಗ ಬ್ರೇಕಿನ ಬಿಸಿ. ಆದ್ದರಿಂದ ಗಾಡಿಯನ್ನು ಘಟ್ಟಕ್ಕೆಂದೇ ಸಿದ್ಧ ಮಾಡಿ. ಅದಕ್ಕೆ ತಯಾರಾದ ಗಾಡಿಗೆ ಕರಾವಳಿಯ ಹೆದ್ದಾರಿ ಲೆಕ್ಕಕ್ಕೇ ಇಲ್ಲ.

ಸುತ್ತುವ ದಿಕ್ಕನ್ನು ಬದಲಿಸಬೇಡಿ. ದೇವಿಮನೆ ಘಟ್ಟವನ್ನು ಹತ್ತಬೇಕು, ಗೇರುಸೊಪ್ಪದ ಘಟ್ಟವನ್ನು ಇಳಿಯಬೇಕು. ಗೇರುಸೊಪ್ಪದಲ್ಲಿ ಇಳಿಜಾರು ಮುಗಿದ ಮೇಲೆ ಹೊನ್ನಾವರದವರೆಗೂ ಶರಾವತಿಯ ದಂಡೆಯ ರಸ್ತೆ ಸಿಗುತ್ತದೆ. ಕಾದ ಬ್ರೇಕ್ ಡ್ರಮ್ಮುಗಳು ಅಲ್ಲಿ ಗಾಳಿಗೆ ತಾವಾಗಿ ತಣಿಯುತ್ತವೆ. ಅಂಕೋಲಾ–ಯಲ್ಲಾಪುರದ ಅರಬೈಲ್ ಘಟ್ಟ ಅಗಲವಾಗಿದ್ದರೂ ಲಾರಿಗಳ ಸಾಲು ಜಾಸ್ತಿ. ಲಾರಿಯ ಹಿಂದೆ ಮೊದಲನೇ ಗೇರಿನಲ್ಲಿ ತೆವಳುವುದಕ್ಕಿಂತ ದೊಡ್ಡ ಶಿಕ್ಷೆ ಹಳೆಯ ರೇಡಿಯೇಟರಿಗೆ ಇನ್ನೊಂದಿಲ್ಲ.

ಹೊರಡುವ ಕಾಲ

ನವೆಂಬರಿನಿಂದ ಫೆಬ್ರವರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಜಾರಿ ಬಂದದ್ದು ಈ ಜಿಲ್ಲೆಯಲ್ಲಿ ಯಾರಿಗೂ ಮರೆಯುವಂಥದ್ದಲ್ಲ. ಅದಲ್ಲದೆ, ಆ ಕಾಲದ ಹೆಚ್ಚಿನ ಅಮೆರಿಕನ್ ಕಾರುಗಳ ವೈಪರ್ ಓಡುವುದು ಎಂಜಿನ್ನಿನ ವ್ಯಾಕ್ಯೂಮ್‌ನಿಂದ. ಏರಿನಲ್ಲಿ ಆಕ್ಸಲರೇಟರ್ ಒತ್ತಿದಂತೆ ವ್ಯಾಕ್ಯೂಮ್ ಇಳಿದು ವೈಪರ್ ಗಾಜಿನ ನಡುವೆಯೇ ನಿಂತುಬಿಡುತ್ತದೆ. ಘಟ್ಟದ ಮಳೆಯಲ್ಲಿ ಹಾಗಾದರೆ ಕಣ್ಣು ಕಟ್ಟಿದ ಹಾಗೆ.

ಏಪ್ರಿಲ್–ಮೇ ತಿಂಗಳಲ್ಲಿ ಸೆಕೆ ಒಂದು ತೊಂದರೆ. ಕುಮಟಾದ ಆಸುಪಾಸಿನಲ್ಲಿ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿರುತ್ತಾರೆ, ಮುಂದಿನ ಕಾರುಗಳು ಹೇಳದೆ ಕೇಳದೆ ನಿಲ್ಲುತ್ತವೆ, ಇದು ಇನ್ನೊಂದು. ಡ್ರಮ್ ಬ್ರೇಕಿನ ಗಾಡಿ ನಿಲ್ಲಲು ಈಗಿನ ಕಾರಿಗಿಂತ ಬಹಳ ಹೆಚ್ಚು ಜಾಗ ಕೇಳುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವಾರ ಜಾತ್ರೆಗೆ ಹೋಗಿ, ಕಾರನ್ನು ಮನೆಯಲ್ಲೇ ಬಿಡಿ.

ಕುಮಟಾ–ಶಿರಸಿ ರಸ್ತೆಯ ಅಗಲೀಕರಣದ ಕೆಲಸಕ್ಕಾಗಿ ಸಂಚಾರ ಬಂದ್ ಮಾಡುವುದುಂಟು. ಹೊರಡುವ ಹಿಂದಿನ ದಿನ ಕುಮಟಾದಲ್ಲಿ ವಿಚಾರಿಸಿಕೊಳ್ಳಿ.

ಕಾಗದಪತ್ರ

50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನಗಳಿಗಾಗಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ಬಂದಿದೆ. ಅದರಡಿ ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000. ಇಲ್ಲಿ ಗಮನಿಸಬೇಕಾದ ಮಾತೆಂದರೆ, ವಿಎ ಸಂಖ್ಯೆಯ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ನಿಮ್ಮದು ವಿಎ ಗಾಡಿಯಾದರೆ ಪ್ರವಾಸವನ್ನು ರ‍್ಯಾಲಿಯಾಗಿಯೇ ಏರ್ಪಡಿಸಿ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ ಲಿಖಿತವಾಗಿ ಇಟ್ಟುಕೊಳ್ಳಿ. ಹಳೆಯ ನಂಬರಿನಲ್ಲೇ ಇರುವ ಗಾಡಿಗೆ ಆರ್‌ಸಿ ನವೀಕರಣ, ವಿಮೆ, ಹೊಗೆ ತಪಾಸಣೆ ಚಾಲ್ತಿಯಲ್ಲಿರಲಿ. ದಾರಿಯಲ್ಲಿ ಬೇಲೆಕೇರಿ ಮತ್ತು ಹೊಳೆಗದ್ದೆಯಲ್ಲಿ ಟೋಲ್ ಇದೆ, ಫಾಸ್ಟ್ಯಾಗ್ ಬೇಕು.

ಬ್ರೇಕು: ಒಂದು ತಿಂಗಳು ಮೊದಲೇ

1948ರ ಶೆವರ್ಲೆ ಫ್ಲೀಟ್‌ಮಾಸ್ಟರ್ ಖಾಲಿ ಇದ್ದಾಗಲೇ ಸುಮಾರು 1400 ಕೆ.ಜಿ. ಐದು ಜನ, ಸಾಮಾನು, ಪೆಟ್ರೋಲು ಸೇರಿದರೆ 1800 ದಾಟುತ್ತದೆ. ಆ ಭಾರವನ್ನೆಲ್ಲ ಹಿಡಿಯುವುದು ನಾಲ್ಕು ಡ್ರಮ್, ಒಂದೇ ಮಾಸ್ಟರ್ ಸಿಲಿಂಡರ್. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಗಾಲಿಯ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಆದ್ದರಿಂದ ‘ಈಗ ಹಿಡಿಯುತ್ತಿದೆಯಲ್ಲ’ ಎಂಬ ಸಮಾಧಾನ ಸಾಲದು. ನಾಲ್ಕೂ ಡ್ರಮ್ ಬಿಚ್ಚಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ, ಅದರ ಧೂಳಿಗೆ ಗಾಳಿ ಹೊಡೆಯಬೇಡಿ. ನೀರು ಹಾಕಿ ತೊಳೆಯಿರಿ.

ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳನ್ನು ಬದಲಿಸಿ. ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸಿ ಅಥವಾ ಸ್ಲೀವ್ ಹಾಕಿಸಿ. ಸಾಮಾನ್ಯವಾಗಿ ಮುಂದೆ ಎರಡು, ಹಿಂದೆ ಒಂದು ರಬ್ಬರ್ ಹೋಸ್ ಇರುತ್ತವೆ. ಇವು ಹೊರಗಿನಿಂದ ಹೊಸದರಂತೆ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಪರೀಕ್ಷೆ ಸುಲಭ. ಗಾಲಿಯನ್ನು ಜಾಕಿನ ಮೇಲೆತ್ತಿ, ಒಬ್ಬರು ಪೆಡಲ್ ಒತ್ತಿ ಬಿಡಲಿ, ಕೂಡಲೇ ಕೈಯಿಂದ ಗಾಲಿ ತಿರುಗಿಸಿ. ಎರಡು ಮೂರು ಕ್ಷಣ ಬಿಗಿಯಾಗಿದ್ದು ಆಮೇಲೆ ಸಡಿಲವಾದರೆ ಆ ಹೋಸ್ ಕೆಟ್ಟಿದೆ. ಎಣ್ಣೆ ಹೋಗಲು ದಾರಿ ಕೊಡುತ್ತದೆ, ಬರಲು ಕೊಡುವುದಿಲ್ಲ.

ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿ. ಒಂದು ಲೀಟರ್ ಸಾಕು. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿಗೆ. ನೀರು ಕುಡಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ರಲ್ಲಿ ಈ ಅಂಕಿ 230 ಮತ್ತು 155. ಇಳಿಜಾರಿನಲ್ಲಿ ಎಣ್ಣೆ ಕುದಿದು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಸಿಲಿಕೋನಿನ ಡಾಟ್ 5 ಅನ್ನು ಇವುಗಳ ಜೊತೆ ಬೆರೆಸಬಾರದು. ಬಲಗಡೆ ಸ್ಟೀರಿಂಗಿನ ಗಾಡಿಯಲ್ಲಿ ಎಡ ಹಿಂಗಾಲಿಯಿಂದ ಗಾಳಿ ತೆಗೆಯಲು ಶುರುಮಾಡಿ.

ಹೊಸ ರಬ್ಬರ್ ಹಾಕಿದ ಮೇಲೆ ಬಹಳ ಮೆಕ್ಯಾನಿಕ್ಕುಗಳು ಬಿಟ್ಟುಬಿಡುವ ಸಂಗತಿ ಪೆಡಲಿನ ಸಡಿಲ. ಕೈಬೆರಳಿನಿಂದ ಒತ್ತಿದರೆ ಕಾಲು ಇಂಚಿನಿಂದ ಅರ್ಧ ಇಂಚು ಆಡಬೇಕು. ಆ ಸಡಿಲ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಕಾದು ಹಿಗ್ಗಿದ ಎಣ್ಣೆಗೆ ಹಿಂದೆ ಬರಲು ದಾರಿಯಿಲ್ಲದೆ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ. ಹಿಡಿದಷ್ಟೂ ಕಾಯುತ್ತದೆ, ಕಾದಷ್ಟೂ ಹಿಡಿಯುತ್ತದೆ. ರಸ್ತೆಯಲ್ಲಿ ಹೀಗಾದರೆ ಯಾವುದಾದರೂ ಒಂದು ಗಾಲಿಯ ಬ್ಲೀಡರ್ ಸ್ಕ್ರೂ (ಗಾಳಿ ತೆಗೆಯುವ ಸ್ಕ್ರೂ) ಅರ್ಧ ಸುತ್ತು ತಿರುಗಿಸಿ. ಎಣ್ಣೆ ಚಿಮ್ಮಿ ಗಾಲಿ ಬಿಡುತ್ತದೆ. ಸ್ಕ್ರೂ ಬಿಗಿದು, ಪೆಡಲ್ ಕಡ್ಡಿಯನ್ನು ಸ್ವಲ್ಪ ಗಿಡ್ಡ ಮಾಡಿ, ಎಣ್ಣೆ ತುಂಬಿ ಮುಂದೆ ಸಾಗಿ.

ತಣಿಸುವ ನೀರು

ರೇಡಿಯೇಟರ್ ಬಿಚ್ಚಿಸಿ, ಮೇಲಿನ ಟ್ಯಾಂಕ್ ತೆಗೆಸಿ, ಕಡ್ಡಿ ಹಾಕಿ ನಳಿಗೆಗಳನ್ನು ಶುಚಿ ಮಾಡಿಸಿ. ಬ್ಲಾಕಿನ ಹಿಂಬದಿಯಲ್ಲಿ ದಶಕಗಳ ಕೆಸರು ಕೂತಿರುತ್ತದೆ. ಅಲ್ಲಿನ ನೀರಿಳಿಸುವ ನಲ್ಲಿಯನ್ನು ಬಿಚ್ಚಿದರೂ ನೀರು ಬಾರದಿದ್ದರೆ ತಂತಿಯಿಂದ ಕೆದಕಿ. ಶೆವರ್ಲೆಯ ಆರು ಸಿಲಿಂಡರಿಗೆ 14 ಲೀಟರಿನಷ್ಟು ನೀರು ಹಿಡಿಯುತ್ತದೆ, ಫೋರ್ಡ್ ಫ್ಲಾಟ್‌ಹೆಡ್ ವಿ8ಕ್ಕೆ 20 ಲೀಟರ್ ದಾಟುತ್ತದೆ. ಹಾಕಿದ್ದು ಇದಕ್ಕಿಂತ ತೀರಾ ಕಡಿಮೆಯಾಗಿದ್ದರೆ ಉಳಿದ ಜಾಗದಲ್ಲಿ ಕೆಸರಿದೆ ಎಂದೇ ಅರ್ಥ. ಸಮುದ್ರದ ಹತ್ತಿರದ ಬಾವಿಯ ನೀರಿನಲ್ಲಿ ಉಪ್ಪಿನಂಶ ಇರುವುದರಿಂದ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ಹಾಕಿ.

ಮುಚ್ಚಳ ಆ ಗಾಡಿಗೆ ಹೇಳಿದ್ದೇ ಇರಲಿ. ಒತ್ತಡವಿಲ್ಲದ ಹಳೆಯ ರೇಡಿಯೇಟರಿಗೆ ಈಗಿನ ಕಾರಿನ 13 ಪೌಂಡಿನ ಮುಚ್ಚಳ ಹಾಕಿದರೆ ಬೆಸುಗೆ ಬಿಡುತ್ತದೆ. ಫ್ಯಾನ್ ಬೆಲ್ಟ್ ಹೆಬ್ಬೆರಳಿನಿಂದ ಒತ್ತಿದರೆ ಅರ್ಧದಿಂದ ಮುಕ್ಕಾಲು ಇಂಚು ಬಗ್ಗಬೇಕು. ಥರ್ಮೋಸ್ಟಾಟ್ ತೆಗೆದು ಬಿಸಾಡುವ ಚಾಳಿ ಒಳ್ಳೆಯದಲ್ಲ. ಎಂಜಿನ್ ಸದಾ ತಣ್ಣಗಿದ್ದು ಆಯಿಲ್ ಕೆಸರಾಗುತ್ತದೆ.

ಪೆಟ್ರೋಲು

2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಗಿದೆ. ಹಳೆಯ ಗಾಡಿಗೆ ಇದರಿಂದ ಮೂರು ಪೆಟ್ಟು. ಹಳೆಯ ರಬ್ಬರ್ ಮೆತ್ತಗಾಗಿ ಪುಡಿಯಾಗುತ್ತದೆ. ಟ್ಯಾಂಕಿನ ತಳದ ಅಂಟು ಕರಗಿ ಕಾರ್ಬುರೇಟರಿನ ಸಣ್ಣ ರಂಧ್ರವಾದ ಜೆಟ್ಟಿಗೆ ಬರುತ್ತದೆ. ಬಿಸಿಗೆ ಬೇಗ ಆವಿಯಾಗುತ್ತದೆ. ಆದ್ದರಿಂದ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಪ್ರತಿ ತುಂಡು ಹೋಸನ್ನೂ ಎಥನಾಲ್ ತಡೆಯುವ ವೈಟಾನ್ ಜಾತಿಯದಕ್ಕೆ ಬದಲಿಸಿ, ಪಂಪಿನ ಡಯಾಫ್ರಾಂ ಕೂಡ. ಟ್ಯಾಂಕಿಗೂ ಪಂಪಿಗೂ ನಡುವೆ ಪಾರದರ್ಶಕ ಫಿಲ್ಟರ್ ಹಾಕಿ, ಇನ್ನೆರಡು ಜೊತೆಗಿರಲಿ. ಪ್ಲಗ್ ಬಿಚ್ಚಿ ನೋಡಿದಾಗ ತುದಿ ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣಕ್ಕೆ ಪೆಟ್ರೋಲು ಸಾಲುತ್ತಿಲ್ಲ, ಮುಖ್ಯ ಜೆಟ್ ಒಂದೆರಡು ನಂಬರು ದೊಡ್ಡದು ಬೇಕು. ತಿಳಿ ಕಂದು ಬಣ್ಣವಿದ್ದರೆ ಸರಿ.

ಪಂಪಿಗೆ ಗಾಜಿನ ಬಟ್ಟಲು ಇದ್ದರೆ ಅದು ನಿಮ್ಮ ಕನ್ನಡಿ. ದಿನಾ ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಬೇರೆ ಪದರ ಅಲುಗುತ್ತಿದ್ದರೆ ಅದು ನೀರು ಹೀರಿ ಕೆಳಗಿಳಿದ ಎಥನಾಲ್. ಬಟ್ಟಲು ಬಿಚ್ಚಿ ಚೆಲ್ಲಿ, ಟ್ಯಾಂಕಿನ ತಳದ ಒಂದೆರಡು ಲೀಟರನ್ನೂ ಇಳಿಸಿಬಿಡಿ.

ಲೀಟರಿಗೆ 5–6 ಕಿಲೋಮೀಟರ್ ಎಂದು ಲೆಕ್ಕ ಹಾಕಿ. ಇಡೀ ಸುತ್ತಿಗೆ 60–65 ಲೀಟರ್ ಬೇಕು. ಕುಮಟಾದಲ್ಲೊಮ್ಮೆ, ಶಿರಸಿಯಲ್ಲೊಮ್ಮೆ ತುಂಬಿಸಿ.

ಕರೆಂಟು, ಟೈರು, ಪಾನಾ

ಶೆವರ್ಲೆ 1955ರಲ್ಲಿ 12 ವೋಲ್ಟಿಗೆ ಬಂತು, ಫೋರ್ಡ್ ಮತ್ತು ಕ್ರೈಸ್ಲರ್ ಬಳಗ 1956ರಲ್ಲಿ. ಅದಕ್ಕೂ ಹಿಂದಿನವು 6 ವೋಲ್ಟ್. ಸೆಲ್ಫ್ ನಿಧಾನ ತಿರುಗಿದರೆ ಬ್ಯಾಟರಿಯನ್ನು ಬೈಯುವ ಮೊದಲು ಕೇಬಲ್ ನೋಡಿ. ವೋಲ್ಟ್ ಅರ್ಧವಾದರೆ ಎರಡು ಪಟ್ಟು ಕರೆಂಟು ಬೇಕು, ಈಗಿನ ಕಾರಿನ ತೆಳು ಕೇಬಲ್ ಸಾಲದು. 50ರಿಂದ 70 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿ, ಅರ್ತ್ ತಾಗುವ ಜಾಗವನ್ನು ಬಣ್ಣ ಕೆರೆದು ಹೊಳೆಯಿಸಿ. ಆ ಕಾಲದ ಫೋರ್ಡ್, ಡಾಡ್ಜ್, ಪ್ಲಿಮತ್, ಸ್ಟೂಡಿಬೇಕರ್‌ಗಳಲ್ಲಿ ಪ್ಲಸ್ ಅರ್ತ್, ಶೆವರ್ಲೆಯಲ್ಲಿ ಮೈನಸ್. ದಾರಿಯಲ್ಲಿ ಸಹಾಯಕ್ಕೆ ನಿಂತ ಜೀಪಿನವರು 12 ವೋಲ್ಟಿನ ವಯರ್ ಜೋಡಿಸಲು ಬಂದರೆ ವಿನಯದಿಂದ ಬೇಡವೆನ್ನಿ. ಇನ್ನೊಂದು 6 ವೋಲ್ಟಿನ ಬ್ಯಾಟರಿ ಡಿಕ್ಕಿಯಲ್ಲಿರಲಿ. ಹೆಡ್‌ಲೈಟಿನ ಬೆಳಕು ಘಟ್ಟಕ್ಕೆ ಸಾಲದ್ದರಿಂದ ಸಂಜೆ 5ಕ್ಕೆ ದಿನದ ಓಟ ಮುಗಿಯಬೇಕು.

ಟೈರಿನ ಬದಿಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಗುಂಡಿ, ಅಂದರೆ ಟೈರಿನ ಮೇಲ್ಮೈಯ ಅಚ್ಚು, ಎಷ್ಟೇ ಚೆನ್ನಾಗಿರಲಿ, 7–8 ವರ್ಷ ದಾಟಿದ್ದರೆ ಬದಲಿಸಿ. 6.00-16 ಜೀಪಿನ ಟೈರು ಸಿಗುತ್ತದೆ. ಅದೇ ಅಳತೆಯಲ್ಲಿ ಟ್ರ್ಯಾಕ್ಟರ್ ಮುಂಗಾಲಿಯದೂ ಇದೆ, ಅಗ್ಗವೆಂದು ಅದನ್ನು ಹಾಕಬೇಡಿ, ಕಾರಿನ ವೇಗಕ್ಕೆ ಮಾಡಿದ್ದಲ್ಲ. ಡಾಡ್ಜ್, ಪ್ಲಿಮತ್, ಡಿಸೋಟೊಗಳ ಎಡಗಡೆ ಗಾಲಿಗಳ ಬೋಲ್ಟಿಗೆ ಉಲ್ಟಾ ಮರೆ (ಥ್ರೆಡ್) ಇರುತ್ತದೆ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಪಂಕ್ಚರ್ ಅಂಗಡಿಯವರು ಗಾಳಿ ಗನ್ ಇಟ್ಟ ತಕ್ಷಣ ಬೋಲ್ಟ್ ತುಂಡು. ಕೆಲಸ ಶುರುವಾಗುವ ಮೊದಲೇ ಹೇಳಿ, ಕೈಪಾನಾದಿಂದಲೇ ಬಿಚ್ಚಿಸಿ.

ಪಾನಾ ಇಂಚಿನ ಸೆಟ್ಟೇ ಬೇಕು: 7/16, 1/2, 9/16, 5/8, 3/4. ಘಟ್ಟದ ಮೇಲಿನ ಗ್ಯಾರೇಜಿನಲ್ಲಿ ಕೈಗೆ ಸಿಗುವುದು ಮಿಲಿಮೀಟರಿನದು. ಅರ್ಧ ಇಂಚೆಂದರೆ 12.7 ಮಿ.ಮೀ. 13ರ ಪಾನಾ ಹಾಕಿ ಬಲವಾಗಿ ಎಳೆದರೆ ಮೂಲೆ ಸವೆದು ನಟ್ಟು ದುಂಡಗಾಗುತ್ತದೆ. ಡಿಕ್ಕಿಗೆ ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಎರಡು ಕಂಡೆನ್ಸರ್, ರೋಟರ್, ಕಾಯಿಲ್, ಪಂಪಿನ ಕಿಟ್, ಎರಡು ಟ್ಯೂಬು, ಹೋಸ್ ಮತ್ತು ಕ್ಲಿಪ್ಪು, ಒಂದು ಲೀಟರ್ ಬ್ರೇಕ್ ಆಯಿಲ್, ಎರಡು ಲೀಟರ್ ಎಂಜಿನ್ ಆಯಿಲ್, 10 ಲೀಟರ್ ನೀರು, ಗಾಲಿಗೆ ಕೊಡಲು ಮರದ ಎರಡು ಅಡ್ಡೆ, ಜಾಕಿನ ಅಡಿಗೆ ಒಂದಡಿ ಹಲಗೆ. ಹಲಗೆ ಇಲ್ಲದಿದ್ದರೆ ರಸ್ತೆಯ ಅಂಚಿನ ಸಡಿಲ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಹೊರಡುವ ಹಿಂದಿನ ದಿನ ಮುಂಗಾಲಿಯ ಕಿಂಗ್‌ಪಿನ್ನಿನಿಂದ ಹಿಡಿದು ಸ್ಪ್ರಿಂಗ್ ಪಟ್ಟಿಯ ಶ್ಯಾಕಲ್‌ವರೆಗೆ ಎಲ್ಲ ನಿಪ್ಪಲ್ಲಿಗೂ ಹಳೆಯ ಗ್ರೀಸ್ ಹೊರಬರುವ ತನಕ ಗ್ರೀಸ್ ಹೊಡೆಯಿರಿ.

ಮೊದಲ ದಿನ: ಕಾರವಾರದಿಂದ ಕುಮಟಾ

70 ಕಿಲೋಮೀಟರ್, ಎರಡು ಗಂಟೆ. ಇದು ಪರೀಕ್ಷೆಯ ಓಟ. ಅಂಕೋಲಾದಲ್ಲಿ ನಿಲ್ಲಿಸಿ ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಅಲ್ಲಿ ಬ್ರೇಕ್ ಉಜ್ಜುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ, ಕುಮಟಾದಲ್ಲೇ ಸರಿಮಾಡಿ. 1937ರಿಂದ 1950ರ ದಶಕದ ಆರಂಭದವರೆಗಿನ ಶೆವರ್ಲೆಯ 216 ಘನ ಇಂಚಿನ ಎಂಜಿನ್ನಿನಲ್ಲಿ ಆಯಿಲ್ ಒತ್ತಡದ ಮೀಟರ್ 30 ಪೌಂಡಿನವರೆಗೆ ಮಾತ್ರ ಇರುತ್ತದೆ. ಓಡುವಾಗ ಮುಳ್ಳು 14ರ ಆಸುಪಾಸಿನಲ್ಲಿದ್ದರೆ ಹೆದರಬೇಕಿಲ್ಲ. ಅದರ ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿಗೆ) ಆಯಿಲ್ ಹೋಗುವುದು ಬಹುಪಾಲು ಚಿಮ್ಮಿಸುವ ವ್ಯವಸ್ಥೆಯಿಂದ. ಹಾಗಾಗಿ ಹೊಸ ಚತುಷ್ಪಥ ಎಷ್ಟೇ ಕರೆದರೂ 70 ಕಿಲೋಮೀಟರ್ ವೇಗ ದಾಟಬೇಡಿ.

ಬೀಚಿನ ಮರಳಿಗೆ ಇಳಿಸಬೇಡಿ. ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಉಪ್ಪು ಮರಳು ಡ್ರಮ್ಮಿಗೂ ಕಿಂಗ್‌ಪಿನ್ನಿಗೂ ಹೊಕ್ಕು ವರ್ಷಗಟ್ಟಲೆ ತಿನ್ನುತ್ತದೆ.

ಎರಡನೇ ದಿನ: ದೇವಿಮನೆ

ಬೆಳಿಗ್ಗೆ 7ಕ್ಕೆ ಕುಮಟಾ ಬಿಡಿ. ಕತಗಾಲ ದಾಟಿದ ಮೇಲೆ ಏರು. ಶಿರಸಿ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲೆ, ಆ ಎತ್ತರದ ಬಹುಪಾಲು ಈ ಘಟ್ಟದಲ್ಲೇ ಏರಿ ಮುಗಿಯುತ್ತದೆ. ಎರಡನೇ ಗೇರಿನಲ್ಲಿ 30–35 ಕಿಲೋಮೀಟರಿನ ವೇಗ ಕಾಯ್ದುಕೊಳ್ಳಿ. ಟಾಪಿನಲ್ಲೇ ಎಳೆಸಿ ಎಂಜಿನ್ ಗುದ್ದುವಂತೆ ಮಾಡಬೇಡಿ. ಮೂರು ಗೇರಿನ ಈ ಗಾಡಿಗಳಲ್ಲಿ ಮೊದಲನೆಯದಕ್ಕೆ ಸಾಮಾನ್ಯವಾಗಿ ಸಿಂಕ್ರೋ (ಗೇರುಗಳ ವೇಗ ಹೊಂದಿಸುವ ಭಾಗ) ಇರುವುದಿಲ್ಲ. ಚೂಪು ತಿರುವಿನಲ್ಲಿ ಓಡುತ್ತಲೇ ಅದಕ್ಕೆ ಹಾಕಲು ಹೋದರೆ ಹಲ್ಲು ಕಡಿಯುತ್ತದೆ, ಬೇಕೆನಿಸಿದರೆ ಪೂರ್ತಿ ನಿಂತು ಹಾಕಿ. ಮುಂದೆ ಲಾರಿ ತೆವಳುತ್ತಿದ್ದರೆ ಅಗಲದ ಜಾಗ ನೋಡಿ ನಿಂತು, ಅದು ಎರಡು ತಿರುವು ಮುಂದೆ ಹೋಗಲಿ ಬಿಡಿ. ಕಾಡಿನ ನಡುವೆ ಮೊಬೈಲ್ ಸಿಗ್ನಲ್ ನೆಚ್ಚಬೇಡಿ. ಎರಡು ಮೂರು ಗಾಡಿ ಒಟ್ಟಿಗೆ ಹೊರಟಿದ್ದರೆ ಸೇರುವ ಜಾಗವನ್ನು ಕುಮಟಾದಲ್ಲೇ ಗೊತ್ತುಮಾಡಿ.

ಗಾಡಿ ಏರಿನಲ್ಲಿ ಮುಗ್ಗರಿಸಿ ನಿಂತರೆ ಎಲ್ಲರೂ ಮೊದಲು ಹೇಳುವುದು ಪೆಟ್ರೋಲ್ ಆವಿಯಾಗಿದೆ ಎಂದು. ಕಾದು ಕೆಟ್ಟ ಕಂಡೆನ್ಸರ್ ಕೂಡ ಹಾಗೇ ಆಡಿಸುತ್ತದೆ. ಬಿಸಿಗೆ ಸಾಯುತ್ತದೆ, ತಣ್ಣಗಾದ ಮೇಲೆ ಏನೂ ಆಗದಂತೆ ಹೊರಡುತ್ತದೆ. ಎರಡನ್ನೂ ಬೇರ್ಪಡಿಸಲು ಎರಡು ನಿಮಿಷ ಸಾಕು. ಏರ್ ಕ್ಲೀನರ್ ತೆಗೆದು ಕಾರ್ಬುರೇಟರಿನ ಬಾಯಿಯೊಳಗೆ ನೋಡುತ್ತಾ ಥ್ರಾಟಲ್ ಕಡ್ಡಿಯನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಿರಿ. ಸಣ್ಣ ನಳಿಗೆಯಿಂದ ಪೆಟ್ರೋಲು ದಾರದಂತೆ ಚಿಮ್ಮಬೇಕು. ಚಿಮ್ಮಿದರೆ ಪೆಟ್ರೋಲಿನ ತಕರಾರಿಲ್ಲ. ಅಲ್ಲಿ ಚೆಲ್ಲಿದ್ದು ಆರುವ ತನಕ ಕಾದು ಕ್ಲೀನರನ್ನು ವಾಪಸ್ ಕೂರಿಸಿ, ಕಾಯಿಲ್ ವಯರನ್ನು ಕಾರ್ಬುರೇಟರಿನಿಂದ ದೂರದ ಕಬ್ಬಿಣಕ್ಕೆ ಕಾಲು ಇಂಚು ಅಂತರದಲ್ಲಿ ಹಿಡಿದು ಸೆಲ್ಫ್ ಹೊಡೆಸಿ. ಕಿಡಿ ನೀಲಿಯಾಗಿ ಚಟಪಟ ಎನ್ನಬೇಕು. ತೆಳ್ಳಗೆ ಹಳದಿಯಾಗಿದ್ದು ಪಾಯಿಂಟಿನ ನಡುವೆ ಕಿಡಿ ಹೆಚ್ಚು ಹಾರುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಪಾಯಿಂಟಿನ ಸಂದು ಶೆವರ್ಲೆಗೆ 16–18 ತೌ (ಒಂದು ತೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಡಾಡ್ಜ್–ಪ್ಲಿಮತ್ ಆರು ಸಿಲಿಂಡರಿಗೆ 20.

ಪೆಟ್ರೋಲು ಚಿಮ್ಮದಿದ್ದರೆ ಆವಿಯೇ ಕಾರಣ. ಒದ್ದೆ ಬಟ್ಟೆಯನ್ನು ಪಂಪಿಗೂ ಅಲ್ಲಿಂದ ಕಾರ್ಬುರೇಟರಿಗೆ ಹೋಗುವ ಪೈಪಿಗೂ ಸುತ್ತಿ, ಬಾನೆಟ್ ತೆರೆದಿಟ್ಟು 15–20 ನಿಮಿಷ ಕಾಯಿರಿ. ಗಾಜಿನ ಬಟ್ಟಲಿಗೆ ಮಾತ್ರ ಏಕಾಏಕಿ ತಣ್ಣೀರು ಎರಚಬೇಡಿ, ಸೀಳುತ್ತದೆ. ರೇಡಿಯೇಟರ್ ಕುದಿಯುತ್ತಿದ್ದರೆ ಮುಚ್ಚಳಕ್ಕೆ ಕೈ ಹಾಕಬೇಡಿ. ಅರ್ಧ ಗಂಟೆ ಬಿಟ್ಟು, ಎಂಜಿನ್ ಶುರುಮಾಡಿ, ಓಡುತ್ತಿರುವಾಗಲೇ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಾದ ಬ್ಲಾಕಿಗೆ ಒಮ್ಮೆಲೇ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ.

ಶಿರಸಿಯಲ್ಲಿ ಬೇಗ ತಂಗಿ. ಮಧ್ಯಾಹ್ನ ಬ್ರೇಕಿನ ಸಡಿಲವನ್ನು ಮತ್ತೊಮ್ಮೆ ನೋಡಿ, ಎಣ್ಣೆಯ ಮಟ್ಟ ನೋಡಿ. ಮರುದಿನದ ಕೆಲಸ ಪೂರ್ತಿ ಬ್ರೇಕಿನದು.

ಮೂರನೇ ದಿನ: ಇಳಿಯುವುದು

ಸಿದ್ದಾಪುರದ ಮೇಲಿಂದ ಮಾವಿನಗುಂಡಿಗೆ ಬಂದರೆ ಜೋಗ ಪಕ್ಕದಲ್ಲೇ. ನೋಡಿಕೊಂಡು ಬಂದು ಮಾವಿನಗುಂಡಿಯಲ್ಲಿ ಐದು ನಿಮಿಷ ನಿಲ್ಲಿ. ಓವರ್‌ಡ್ರೈವ್ ಇರುವ ಗಾಡಿಯಾದರೆ, ನಿಂತಿರುವಾಗಲೇ ಅದರ ಹಿಡಿಯನ್ನು ಹೊರಗೆಳೆದು ಲಾಕ್ ಮಾಡಿ. ಇದನ್ನು ಮರೆತರೆ ಕಡಿಮೆ ವೇಗದಲ್ಲಿ ಗಾಡಿ ಫ್ರೀವೀಲ್ ಆಗಿ ಸೈಕಲಿನಂತೆ ಜಾರುತ್ತದೆ, ಎಂಜಿನ್ನಿನ ಹಿಡಿತ ಒಂದಿಷ್ಟೂ ಸಿಗುವುದಿಲ್ಲ. ಪವರ್‌ಗ್ಲೈಡ್ (ಶೆವರ್ಲೆಯ ಆಟೋಮ್ಯಾಟಿಕ್ ಗೇರ್) ಆದರೆ ಇಳಿಜಾರು ಶುರುವಾಗುವ ಮೊದಲೇ ‘ಲೋ’ಗೆ ಹಾಕಿ. ಉಳಿದವರು ಎರಡನೇ ಗೇರಿನಲ್ಲಿ ಇಳಿಯಿರಿ, 30 ಕಿಲೋಮೀಟರ್ ವೇಗ ದಾಟದಂತೆ.

ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ವೇಗ 30 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 20ಕ್ಕೆ ತನ್ನಿ, ಪೂರ್ತಿ ಬಿಡಿ, ಮತ್ತೆ ಏರಲಿ. ಬಿಟ್ಟ ಆ ಹೊತ್ತಿನಲ್ಲೇ ಡ್ರಮ್ ಉಸಿರಾಡುವುದು. ಲೈನಿಂಗ್ ಸುಟ್ಟ ವಾಸನೆ ಬಂದರೆ, ಅಥವಾ ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಧಾನವಾಗದಿದ್ದರೆ, ಮೊದಲ ಅಗಲದ ಜಾಗದಲ್ಲಿ ನಿಲ್ಲಿಸಿ 20 ನಿಮಿಷ ಬಿಡಿ. ಕಾದ ಡ್ರಮ್ಮಿಗೆ ನೀರು ಹಾಕಬೇಡಿ, ಹ್ಯಾಂಡ್‌ಬ್ರೇಕ್ ಎಳೆದಿಡಲೂ ಬೇಡಿ, ತಣಿದು ಕುಗ್ಗುವಾಗ ಶೂ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಮರದ ಅಡ್ಡೆ ಕೊಡಿ. ಆ ಕಾಲದ ಡಾಡ್ಜ್, ಪ್ಲಿಮತ್‌ಗಳ ಹ್ಯಾಂಡ್‌ಬ್ರೇಕ್ ಹಿಡಿಯುವುದು ಗಾಲಿಯನ್ನಲ್ಲ, ಗೇರ್‌ಬಾಕ್ಸಿನ ಹಿಂದಿನ ಶಾಫ್ಟನ್ನು. ನಿಂತ ಗಾಡಿಯನ್ನು ಹಿಡಿಯಲು ಮಾತ್ರ ಅದು, ಓಡುತ್ತಿರುವಾಗ ಎಳೆದರೆ ಶಾಫ್ಟಿನ ಜಾಯಿಂಟ್ ಮುರಿಯಬಹುದು.

ಪೆಡಲ್ ಪೂರ್ತಿ ಕೆಳಗೆ ಹೋದರೆ ಬೇಗ ಬೇಗ ಮೂರು ನಾಲ್ಕು ಸಲ ಒತ್ತಿ, ಎಣ್ಣೆ ಮತ್ತೆ ಸೇರಿಕೊಳ್ಳಬಹುದು. ಸೇರದಿದ್ದರೆ ಕಣಿವೆಯ ಕಡೆ ನೋಡುತ್ತಾ ಕೂರಬೇಡಿ. ಗುಡ್ಡದ ಬದಿಯ ಚರಂಡಿಗೆ ಗಾಲಿ ಇಳಿಸಿ, ಮಣ್ಣಿನ ಗೋಡೆಗೆ ಗಾಡಿಯ ಮೈ ಉಜ್ಜಿಸಿ ನಿಲ್ಲಿಸಿ. ಬಾಡಿಯ ತಗಡನ್ನು ಬಡಿದು ಸರಿಮಾಡಬಹುದು.

ಗೇರುಸೊಪ್ಪದಿಂದ ಹೊನ್ನಾವರದವರೆಗೆ ಟಾಪ್ ಗೇರಿನಲ್ಲಿ ನಿಧಾನ ಹೋಗಿ. ಅಲ್ಲಿಂದ ಕಾರವಾರ ಸುಮಾರು 90 ಕಿಲೋಮೀಟರ್.

ಮನೆಗೆ ಬಂದ ಮೇಲೆ

ಮರುದಿನವೇ ಗಾಡಿಯ ಹೊಟ್ಟೆಯಡಿ ಸಿಹಿನೀರು ಹೊಡೆದು ತೊಳೆಯಿರಿ. ಕರಾವಳಿಯ ಉಪ್ಪು ಮೊದಲು ತಿನ್ನುವುದು ಬ್ರೇಕ್ ಪೈಪಿನ ಕ್ಲಿಪ್ಪಿನಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಒಂದೊಂದೇ ಕ್ಲಿಪ್ ಬಿಚ್ಚಿ, ಪೈಪ್ ಒರೆಸಿ, ಗ್ರೀಸ್ ಸವರಿ ಮತ್ತೆ ಹಾಕಿ. ಗ್ರೀಸ್ ನಿಪ್ಪಲ್ಲುಗಳಿಗೆ ಇನ್ನೊಂದು ಸುತ್ತು ಹೊಡೆಯಿರಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಕಾರ್ಬುರೇಟರಿನ ಪೆಟ್ರೋಲು ಇಳಿಸಿ, ಬ್ಯಾಟರಿಯ ವಯರ್ ತೆಗೆದಿಡಿ.